ಎದುರಿನ ಮಣೆ

ಇಚಲಕರಂಜಿಯಲ್ಲಿ ಒಬ್ಬರಿಂದ ಆಗದ ಕೆಲಸಗಳು ಎರಡು. ಒಂದು ಮದುವೆ, ಇನ್ನೊಂದು ವಹಿಫಣಿ. ಮೊದಲನೆಯದರ ತಂಟೆಗೆ ಕೃಷ್ಣಾತ ಹೋದವನಲ್ಲ. ಎರಡನೆಯದರಲ್ಲಿ ಅವನನ್ನು ಮೀರಿಸುವವರು ಊರಲ್ಲಿ ಇರಲಿಲ್ಲ.

ಗಂಜಿ ಕುಡಿದು ಬಿರುಸಾದ ನೂಲು ಸುತ್ತಿದ ಉರುಳೆ, ಅಂದರೆ ಬೀಮು, ಮಗ್ಗಕ್ಕೆ ಏರುವ ಮೊದಲು ಅದರ ಎರಡು ಸಾವಿರ ಚಿಲ್ಲರೆ ಎಳೆಗಳನ್ನು ಒಂದೊಂದಾಗಿ ತಂತಿಯ ಕಣ್ಣಿನೊಳಗೆ ತೂರಿಸಬೇಕು, ಆಮೇಲೆ ಫಣಿಯ ಹಲ್ಲಿನ ಸಂದಿಯಿಂದ ಹೊರಗೆಳೆಯಬೇಕು. ವಹಿಫಣಿ ಎಂದರೆ ಇದು. ಚೌಕಟ್ಟಿನ ಆ ಕಡೆ ಒಂದು ಮಣೆ, ಈ ಕಡೆ ಒಂದು ಮಣೆ. ಆ ಕಡೆಯವನು ಎಳೆ ಆರಿಸಿ ಮುಂದೆ ಹಿಡಿಯುತ್ತಾನೆ, ಈ ಕಡೆಯವನು ಕೊಕ್ಕೆ ಚಾಚಿ ಅದನ್ನು ಎಳೆದುಕೊಳ್ಳುತ್ತಾನೆ. ಬೆಳಿಗ್ಗೆಯಿಂದ ಸಂಜೆಯ ತನಕ ಇಬ್ಬರೂ ನೂಲಿನ ಪರದೆಯ ಎರಡು ಬದಿಗೆ ಎದುರುಬದುರು ಕೂತು ಇದನ್ನೇ ಮಾಡುತ್ತಿರಬೇಕು. ಕೆಲಸ ಮುಗಿದ ಮೇಲೆ ಬೀಮಿಗೆ ಒಂದು ಚೀಟಿ ಕಟ್ಟುತ್ತಾರೆ. ಅದರಲ್ಲಿ ಎರಡು ಗೆರೆ, ಎರಡು ಹೆಸರು. ಮೇಲೆ ಕೊಕ್ಕೆಯವನದು, ಕೆಳಗೆ ಎಳೆಯವನದು. ಮಗ್ಗದ ಮೇಲೆ ತಪ್ಪು ಕಂಡರೆ ಯಾರಿಗೆ ಬೈಯಬೇಕು ಎಂಬುದು ಗೊತ್ತಿರಲಿ ಅಂತ.

ದಾದಾಸಾಹೇಬರ ಕಾರ್ಖಾನೆಯ ಚೀಟಿಗಳಲ್ಲಿ ಒಂಬತ್ತು ವರ್ಷ ಒಂದೇ ಜೋಡಿ ಇತ್ತು. ಮೇಲೆ ಕೃಷ್ಣಾತ, ಕೆಳಗೆ ಗಣಪತ. ಕೃಷ್ಣಾತ ಗಡಹಿಂಗ್ಲಜದವನು, ಗಣಪತ ಉತ್ತೂರಿನವನು. ಇಬ್ಬರೂ ಒಂದೇ ಖೋಲಿಯಲ್ಲಿ ಇರುತ್ತಿದ್ದರು. ಹೊಟ್ಟೆಪಾಡಿಗೆ ಬಂದ ಅರ್ಧ ಊರು ಹಾಗೆ ಇಬ್ಬಿಬ್ಬರು, ಮೂವರು ಮೂವರು ಸೇರಿ ಇರುವಾಗ ಯಾರು ಯಾರನ್ನು ಕೇಳುತ್ತಾರೆ? ಆದರೆ ಈ ಇಬ್ಬರ ನಡುವೆ ಇದ್ದದ್ದು ಬಾಡಿಗೆ ಹಂಚಿಕೊಳ್ಳುವ ಗೆಳೆತನವಲ್ಲ, ಪ್ರೀತಿ. ಅದನ್ನು ಅವರು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಲು ಮಾತೂ ಗೊತ್ತಿರಲಿಲ್ಲ.

ಹೇಳದೆ ಇದ್ದದ್ದನ್ನು ಬರೆದದ್ದೇ ಕೃಷ್ಣಾತ ಮಾಡಿದ ತಪ್ಪು. ಎಂಬತ್ತೆರಡನೇ ಇಸವಿಯ ಜನವರಿಯಲ್ಲಿ ಗಣಪತ ಕಬ್ಬು ಕಡಿಸಲು ಒಂದು ತಿಂಗಳು ಉತ್ತೂರಿಗೆ ಹೋದ. ನಾಲ್ಕನೇ ಇಯತ್ತೆ ಓದಿದ್ದ ಕೃಷ್ಣಾತ ಒಂದು ಕಾರ್ಡು ಸಾಲದೆಂದು ಅಂತರ್ದೇಶೀಯ ಪತ್ರ ತಂದು, ಮೂರು ಮಗ್ಗುಲಲ್ಲೂ ಬರೆದ. ಎದುರಿಗೆ ಬೇರೆಯವನನ್ನು ಕೂಡಿಸಿದ್ದಾರೆ, ಅವನ ಕೈಯ ಹದ ನನಗೆ ಸಿಗುತ್ತಿಲ್ಲ, ಹಾಸಿಗೆಯಲ್ಲಿ ನಿನ್ನ ಮಗ್ಗುಲು ಹಾಗೇ ಬಿಟ್ಟಿದ್ದೇನೆ, ಬೇಗ ಬಾ. ಪತ್ರ ಗಣಪತನ ಅಣ್ಣನ ಕೈಗೆ ಸಿಕ್ಕಿತು. ಅಣ್ಣ ಯಾರಿಗೂ ತೋರಿಸದೆ ಅದನ್ನು ಕಿಸೆಯಲ್ಲಿ ಇಟ್ಟುಕೊಂಡ. ಗಣಪತ ಕೆಲಸಕ್ಕೆ ಮರಳಿದ. ಮಾರ್ಚಿನ ನಡುವಿನಲ್ಲಿ ಒಂದು ದಿನ ಅಣ್ಣ ಎಸ್‌ಟಿ ಬಸ್ಸು ಹತ್ತಿ ಇಚಲಕರಂಜಿಗೆ ಬಂದು, ನೇರ ಮಾಲಕರ ಖೋಲಿಗೆ ಹೋಗಿ, ಆ ಪತ್ರವನ್ನು ಮೇಜಿನ ಮೇಲಿಟ್ಟ.

ದಾದಾಸಾಹೇಬರು ಕೆಟ್ಟ ಮನುಷ್ಯರಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಕೆಟ್ಟವರಾಗಿದ್ದರೆ ಬೈದಾದರೂ ಬಿಡುತ್ತಿದ್ದರೇನೋ. ಕೃಷ್ಣಾತನನ್ನು ಕರೆಸಿ, ಚಹಾ ಕೊಡಿಸಿ, ಪತ್ರವನ್ನು ಬೆರಳ ತುದಿಯಿಂದ ಅವನ ಕಡೆಗೆ ಸರಿಸಿದರು.

"ನಾಳೆಯಿಂದ ಬರಬ್ಯಾಡ ಕೃಷ್ಣಾತ."

"ಮಾಲಕ್ರ, ನನ್ನ ಕೆಲಸದಾಗ ಏನರ ಚೂಕ ಆಗೇತೇನ್ರಿ?"

"ನಿನ್ನ ಕೆಲಸದ ಬಗ್ಗೆ ನಾ ಯಾವತ್ತರ ಏನರ ಅಂದೇನೇನ? ಇದು ಕೆಲಸದ ಮಾತಲ್ಲ. ಇಲ್ಲಿ ನೂಲಿನ ಕಾಂಡಿ ಸುತ್ತೂ ಹೆಣ್ಮಕ್ಕಳು ಅದಾರ, ಸಂಸಾರಸ್ಥರು ಅದಾರ. ಸುಮ್ಮನ ಹೋಗು. ನಿನ್ನ ಮರ್ಯಾದಿ ನಾ ತಗಿಯೂದಿಲ್ಲ."

ಮರ್ಯಾದೆ ಉಳಿಸಲು ಅವರು ಕಂಡುಕೊಂಡ ದಾರಿ ಇದು. ಮೂರು ದಿನದ ಮೇಲೆ ಬಂದ ಮರಾಠಿ ನೋಟೀಸಿನಲ್ಲಿ, ಮಾರ್ಚ್ ಮೂರರಿಂದ ಹದಿಮೂರರ ತನಕ ಹನ್ನೊಂದು ದಿನ ರಜೆ ಕೇಳದೆ ಗೈರುಹಾಜರಾದ ಕಾರಣ ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು. ಆ ಹನ್ನೊಂದು ದಿನ ಕೃಷ್ಣಾತ ಗಣಪತನ ಎದುರಿಗೆ ಕೂತು ಹತ್ತು ಬೀಮು ಮುಗಿಸಿದ್ದ.

ಗಣಪತನನ್ನು ಅಣ್ಣ ಅವತ್ತೇ ಖೋಲಿಯಿಂದ ಎಬ್ಬಿಸಿ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದ. ಹೋಗುವಾಗ ಗಣಪತ ತನ್ನ ಟ್ರಂಕು ಹೊತ್ತುಕೊಂಡು ಹೋದ, ಇಬ್ಬರೂ ಬಳಸುತ್ತಿದ್ದ ಕೊಕ್ಕೆಗಳ ಡಬ್ಬಿಯನ್ನು ಬಿಟ್ಟು ಹೋದ.

ಯೂನಿಯನ್ನಿನವರು ಮೊದಲು ತೋಳು ಏರಿಸಿದರು. ಮಾಲಕರ ಜೊತೆ ಅರ್ಧ ಗಂಟೆ ಕೂತು ಬಂದ ಮೇಲೆ ತೋಳು ಇಳಿಸಿದರು. "ಇದು ಕಾಮಗಾರರ ಪ್ರಶ್ನೆ ಅಲ್ಲಪಾ, ನಿಂದು ಖಾಸಗಿ ಐತಿ" ಎಂದು ಮುಖ ನೋಡದೆ ಹೇಳಿದರು.

ಕೃಷ್ಣಾತ ಗಡಹಿಂಗ್ಲಜಕ್ಕೆ ಅಕ್ಕನ ಮನೆಗೆ ಹೋದ. ಅಕ್ಕಾತಾಯಿ ನೋಟೀಸನ್ನು ಮಗಳ ಕೈಯಿಂದ ಓದಿಸಿ ಕೇಳಿ, ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟು ನಿಂತಳು.

"ಹನ್ನೊಂದು ದಿನಾ ನೀ ಗೈರಹಾಜರ? ಜ್ವರಾ ಬಂದ್ರ ಚಾದರಾ ಹೊತಗೊಂಡ ಕೆಲಸಕ್ಕ ಹೋಗಾಂವ ನೀ! ಸುಳ್ಳ ಬರದಾರ. ಯಾಕ ಬರದಾರ?"

ಕೃಷ್ಣಾತನ ಬಾಯಿ ತೆರೆಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಮಾತು ಹೇಳಿದ ಮೇಲೆ ಈ ಮನೆಗೂ ಬರಲಾಗದಿದ್ದರೆ ಎಲ್ಲಿಗೆ ಹೋಗುವುದು ಎಂಬ ಹೆದರಿಕೆಗೆ, "ಯಾರಿಗ್ಗೊತ್ತವ್ವಾ" ಎಂದು ರೊಟ್ಟಿ ಮುರಿದ. ಅಕ್ಕಾತಾಯಿ ಬಿಡಲಿಲ್ಲ. ಕೊಲ್ಹಾಪುರದಲ್ಲಿ ನಮ್ಮ ಊರಿನವರೇ ಒಬ್ಬರು ಭಾವುಸಾಹೇಬ ವಕೀಲರು ಇದ್ದಾರೆ, ಕನ್ನಡ ಬರುತ್ತದೆ, ಹೋಗು ಎಂದು ನೂಕಿದಳು.

ವಕೀಲರ ಖೋಲಿಯಲ್ಲಿ ಕೃಷ್ಣಾತ ಮೂರು ಸಲ ಹನ್ನೊಂದು ದಿನದ ಕಥೆ ಹೇಳಿದ. ಭಾವುಸಾಹೇಬರು ಮೂರು ಸಲವೂ ಕೇಳಿ, ಚಷ್ಮಾ ತೆಗೆದು ಒರೆಸಿದರು.

"ಒಂಬತ್ತು ವರ್ಷದ ಛಲೋ ಕಾಮಗಾರನ್ನ ಯಾರೂ ಸುಮ್ಮಸುಮ್ಮನ ಬಿಡಸೂದಿಲ್ಲ. ಖರೇ ಹೇಳು. ಇಲ್ಲಿ ಹೇಳಿದ್ದು ಇಲ್ಲೇ ಇರ್ತದ."

ಆಗ ಹೇಳಿದ. ಜೀವಮಾನದಲ್ಲಿ ಮೊದಲ ಸಲ, ಅಪರಿಚಿತರೊಬ್ಬರ ಮುಂದೆ, ಅವರ ಮೇಜಿನ ಮೇಲಿದ್ದ ಸಿಕ್ಕೆಯ ಡಬ್ಬಿಯನ್ನು ನೋಡುತ್ತ ಹೇಳಿದ. ವಕೀಲರು ಬೈಯಲಿಲ್ಲ, ನಗಲಿಲ್ಲ.

"ನೋಡು," ಎಂದರು ಭಾವುಸಾಹೇಬರು. "ನಿನ್ನಂಥಾವರನ್ನ ಕಾಯೂ ಕಲಮು ಕಾಯ್ದೇದಾಗ ಒಂದೂ ಇಲ್ಲ. ಒಳಗ ಹಾಕೂ ಕಲಮು ಐತಿ, ಮುನ್ನೂರ ಎಪ್ಪತ್ತೇಳು. ಹಿಂಗಾಗಿ ಖರೇ ಕಾರಣಾ ಹಿಡಕೊಂಡ ಹೋದ್ರ ನೌಕರಿ ಇರ್ಲಿ, ಪೊಲೀಸರ ಕೈಯಾಗ ಸಿಗತಿ. ಆದ್ರ ನಿನ್ನ ಮಾಲಕನೂ ಖರೇ ಕಾರಣಾ ಬರೀಲಿಕ್ಕೆ ನಾಚಿಕೊಂಡಾನ. ಅಲ್ಲಿ ಸಿಕ್ಕಾನ ಅಂವಾ. ಎಪ್ಪತ್ತೊಂದರ ಕಾಮಗಾರರ ಕಾಯ್ದೇದಾಗ, ಎದ್ದು ಕಾಣೂ ಸುಳ್ಳ ಕಾರಣಾ ಕೊಟ್ಟ ಕೆಲಸದಿಂದ ತಗದ್ರ ಅದು ಗುನ್ಹೆ. ತೊಂಬತ್ತು ದಿವಸದಾಗ ಕಾಮಗಾರ ಕೋರ್ಟಿಗೆ ಅರ್ಜಿ ಹಾಕೂಣು. ಆ ಹನ್ನೊಂದು ದಿನಾ ನೀ ಹಾಜರ ಇದ್ದಿ, ಇಷ್ಟ ನಮ್ಮ ಮಾತು. ಬ್ಯಾರೆ ಒಂದಕ್ಷರ ಇಲ್ಲ."

"ಅಂವಾ ಪತ್ರ ಹೊರಗ ತಗದ್ರ?"

"ತಗದ್ರ ಗೈರಹಾಜರಿ ಸುಳ್ಳಂತ ತಾನ ಒಪ್ಪಿಕೊಂಡಂಗ. ತಗಿಯೂದಿಲ್ಲ."

ಕೃಷ್ಣಾತ, "ಸಾಹೇಬ್ರ, ನಾ ಹಿಂಗ ಅದೇನಿ, ಅದಕ್ಕ ನನ್ನ ತಗದಾರ, ಅದು ಅನ್ಯಾಯ ಅಂತ ಹೇಳಾಕ ಬರೂದ ಇಲ್ಲೇನ್ರಿ?" ಎಂದು ಕೇಳಿದ.

ಭಾವುಸಾಹೇಬರು ಚಷ್ಮಾ ಹಾಕಿಕೊಂಡರು. "ಇವತ್ತ ಬರೂದಿಲ್ಲಪಾ," ಎಂದರು.

ತಾರೀಖುಗಳು ಬಂದವು, ಹೋದವು. ಆ ಹತ್ತು ಬೀಮಿನ ಚೀಟಿಗಳು ಬಟ್ಟೆ ನೇಯ್ದಾದ ಮೇಲೆ ಕಸಕ್ಕೆ ಹೋಗಿದ್ದವು, ಕೃಷ್ಣಾತನ ಪರ ಸಾಕ್ಷಿ ಹೇಳಲು ಯಾರೂ ಒಪ್ಪಲಿಲ್ಲ. ಕೃಷ್ಣಾತ ಕಾಗಲದಲ್ಲಿ ಲಾರಿಗೆ ಮೂಟೆ ಹೇರಿದ. ಸೂಜಿಯಂಥ ಕೊಕ್ಕೆ ಹಿಡಿದ ಕೈಗೆ ಮೂಟೆಯ ಕೊಂಡಿ ಒಗ್ಗಲಿಲ್ಲ. ಎಂಬತ್ಮೂರರ ಅಕ್ಟೋಬರಿನಲ್ಲಿ ಮಾಲಕರ ಕಡೆಯ ಸಾಕ್ಷಿಯನ್ನು ಕರೆದರು. ಕಟಕಟೆಗೆ ಹತ್ತಿದವನು ಗಣಪತ. ಹೊಸ ಅಂಗಿ, ಬೆರಳಿಗೆ ಮದುವೆಯ ಉಂಗುರ. ಮೊದಲಿಗಿಂತ ಸೊರಗಿದ್ದ.

"ಆ ಹನ್ನೊಂದು ದಿವಸ ಅರ್ಜಿದಾರ ಕೆಲಸಕ್ಕೆ ಬಂದಿದ್ದನೇ?"

"ಇಲ್ರಿ."

ಭಾವುಸಾಹೇಬರು ನಿಧಾನಕ್ಕೆ ಎದ್ದರು. ಆ ದಿನಗಳಲ್ಲಿ ನೀನು ಎಷ್ಟು ಬೀಮು ಮುಗಿಸಿದೆ ಎಂದು ಕೇಳಿದರು. ಹತ್ತು ಎಂದ. ಯಾರ ಜೊತೆ ಎಂದು ಕೇಳಿದರು. ಯಾರು ಏನು ಹೇಳಿಕೊಟ್ಟಿದ್ದರೋ, ಇದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಗಣಪತ ಅತ್ತ ಇತ್ತ ನೋಡಿದ. ಕೃಷ್ಣಾತನ ಜಾಗದಲ್ಲಿ ಇನ್ನೊಬ್ಬನ ಹೆಸರು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

"ಯಾರೂ ಇರಲಿಲ್ರಿ. ನಾ ಒಬ್ಬನ ಮಾಡಿದೆ."

ಹಿಂದೆ ಕೂತಿದ್ದ ಇಚಲಕರಂಜಿಯ ನಾಲ್ಕು ಜನ ಗೊಳ್ಳೆಂದು ನಕ್ಕರು. ವಿದರ್ಭದ ಕಡೆಯಿಂದ ಬಂದಿದ್ದ ನ್ಯಾಯಾಧೀಶರಿಗೆ ಇದರಲ್ಲಿ ನಗುವಂಥದ್ದೇನು ಎಂದು ತಿಳಿಯಲಿಲ್ಲ. ಭಾವುಸಾಹೇಬರು ಮುಂದಿನ ತಾರೀಖಿಗೆ ಒಂದು ಸಣ್ಣ ಚೌಕಟ್ಟು, ತಂತಿ, ಫಣಿ, ಕೊಕ್ಕೆ, ಒಂದು ಹಿಡಿ ನೂಲು ತರಿಸಿ ಕೋರ್ಟಿನ ಮೇಜಿನ ಮೇಲೆ ಇಡಿಸಿದರು. "ಸಾಕ್ಷಿ ಒಬ್ಬನೇ ಮಾಡಿ ತೋರಿಸಲಿ" ಎಂದರು.

ಗಣಪತ ಕೂತ. ಎಳೆ ಆರಿಸಿ ಮುಂದೆ ಹಿಡಿದ. ಆ ಕಡೆ ಕೊಕ್ಕೆ ಚಾಚುವವರು ಯಾರೂ ಇರಲಿಲ್ಲ. ಎಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು, ಬಾಗಿ ಕೊಕ್ಕೆ ತೂರಿಸಲು ಹೋದ. ಎಳೆ ಜಾರಿತು. ಮತ್ತೆ ಹಿಡಿದ. ಕೊನೆಗೆ ಏನೂ ತೋಚದೆ ಎಳೆ ಹಿಡಿದ ಕೈಯನ್ನು ಮುಂದೆ ಚಾಚಿಕೊಂಡು ಸುಮ್ಮನೆ ಕೂತುಬಿಟ್ಟ. ಅದನ್ನು ನೋಡಲಾರದೆ ಕೃಷ್ಣಾತ ತನ್ನ ಜಾಗದಿಂದ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ಗೊತ್ತಿರಲಿಲ್ಲ.

"ಅರ್ಜಿದಾರ ಎದುರಿಗೆ ಕೂಡಲಿ, ಸಾಹೇಬ," ಎಂದರು ವಕೀಲರು. ನ್ಯಾಯಾಧೀಶರು ತಲೆಯಾಡಿಸಿದರು.

ಕೃಷ್ಣಾತ ಕೂತು ಕೊಕ್ಕೆ ಚಾಚಿದ. ಎಳೆ ಬಂತು. ಎಳೆದ, ಚಾಚಿದ, ಬಂತು. ಒಂದೂವರೆ ವರ್ಷ ಮಾತಿಲ್ಲ, ಮುಖ ನೋಡಿಲ್ಲ, ಕೈಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ನಲವತ್ತು ಎಳೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆದವು. ನಡುವೆ ಒಮ್ಮೆ ಗಣಪತ ನೂಲಿನ ಆಚೆಯಿಂದ ಕಣ್ಣೆತ್ತಿ ನೋಡಿದ. ಅವನ ಕಣ್ಣು ತುಂಬಿತ್ತು. ಪಟ್ಟೇವಾಲ, ಗುಮಾಸ್ತ, ಮಾಲಕರು, ಎಲ್ಲರೂ ನೋಡುತ್ತಿದ್ದ ಆ ಮೇಜಿನ ಮುಂದೆ ಕೃಷ್ಣಾತನಿಗೆ ತುಂಬ ಸುಖವಾಗಿತ್ತು.

"ಪುರೇ, ಸಾಕು," ಎಂದರು ನ್ಯಾಯಾಧೀಶರು.

ಗಣಪತ ನಲವತ್ತೊಂದನೇ ಎಳೆಯನ್ನು ಹಿಡಿದೇ ಇದ್ದ. ಕೃಷ್ಣಾತನೇ ಮೊದಲು ಕೊಕ್ಕೆ ಕೆಳಗಿಟ್ಟ.

ಜನವರಿಯಲ್ಲಿ ತೀರ್ಪು ಬಂತು. ಈ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ, ಆದ್ದರಿಂದ ಅರ್ಜಿದಾರ ಹಾಜರಿದ್ದ, ಕೊಟ್ಟ ಕಾರಣ ಸುಳ್ಳು, ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು. ಅಕ್ಕಾತಾಯಿ ಓಣಿಗೆಲ್ಲ ಪೇಢೆ ಹಂಚಿದಳು. ಗೆದ್ದವನು ಮಾತ್ರ ಎಸ್‌ಟಿ ಸ್ಟ್ಯಾಂಡಿನಲ್ಲಿ ಒಬ್ಬನೇ ಚಹಾ ಕುಡಿದು ಇಚಲಕರಂಜಿಯ ಗಾಡಿ ಹತ್ತಿದ.

ದಾದಾಸಾಹೇಬರು ಕೋರ್ಟಿನ ಮಾತು ಮೀರಲಿಲ್ಲ. ಅದೇ ಮೂಲೆ, ಅದೇ ಚೌಕಟ್ಟು, ಅದೇ ಮಣೆ ಕೊಟ್ಟರು. ಎದುರಿನ ಮಣೆ ಖಾಲಿ ಇತ್ತು. ಕೋರ್ಟಿನಲ್ಲಿ ಎಳೆ ಹಿಡಿದ ವಾರವೇ ಗಣಪತ ಕೆಲಸ ಬಿಟ್ಟು ಉತ್ತೂರಿಗೆ ಹೋಗಿದ್ದ. ಕಾರ್ಖಾನೆಯ ಲೆಕ್ಕ ನೋಡುವ ದಿವಾಣಜಿ, ಕೃಷ್ಣಾತನ ಎದುರಿಗೆ ಕೂಡುತ್ತೀರಾ ಎಂದು ಒಬ್ಬೊಬ್ಬರನ್ನೇ ಕೇಳಿದ. ಒಬ್ಬನಿಗೆ ಬೆನ್ನುನೋವು, ಒಬ್ಬನಿಗೆ ಕಣ್ಣು ಮಂಜು, ಒಬ್ಬ ಮಾತ್ರ ಇದ್ದದ್ದನ್ನು ಹೇಳಿದ. "ಅವನ ಎದುರಿಗೆ ಕುಂತ್ರ ಮಂದಿ ನನಗೂ ಹಂಗ ಅಂತಾರ."

"ಕೋರ್ಟು ನಿನ್ನ ತಗೋ ಅಂದೇತಿ, ತಗೊಂಡೇನಿ," ಎಂದರು ಮಾಲಕರು. "ನಿನ್ನ ಎದುರಿಗೆ ಮಂದೀನ ಕೂಡಸು ಅಂತ ಎಲ್ಲೂ ಬರದಿಲ್ಲ."

ರಜೆಯ ದಿನ ಕೃಷ್ಣಾತ ಕೊಲ್ಹಾಪುರಕ್ಕೆ ಹೋಗಿ ವಕೀಲರನ್ನು ಕೇಳಿದ. ಭಾವುಸಾಹೇಬರು ಬಹಳ ಹೊತ್ತು ತೀರ್ಪಿನ ಕಾಗದ ತಿರುವಿದರು.

"ಮತ್ತೊಂದು ಅರ್ಜಿ ಹಾಕಬಹುದು. ಆದ್ರ ಅದರಾಗ, ಯಾರೂ ಯಾಕ ಕೂಡವಲ್ಲರು ಅಂತ ಬರೀಬೇಕಾಗ್ತದ ಕೃಷ್ಣಾತ."

ಅವನು ಕಾಗದ ತಿರುಗಿ ಇಸಿದುಕೊಂಡು ಬಂದ.

ಮರುದಿನ ಬೆಳಿಗ್ಗೆ ಒಬ್ಬನೇ ಶುರುಮಾಡಿದ. ತಂತಿಯ ಕಣ್ಣಿನಲ್ಲಿ ಕೊಕ್ಕೆ ತೂರಿಸಿ ಹಾಗೇ ನಿಲ್ಲಿಸಿ, ಎದ್ದು ಚೌಕಟ್ಟು ಸುತ್ತಿ ಆ ಕಡೆ ಹೋದ. ಎದುರಿನ ಮಣೆಯ ಮೇಲೆ ಕೂತು ಎಳೆ ಆರಿಸಿ ಕೊಕ್ಕೆಗೆ ಸಿಕ್ಕಿಸಿದ. ಎದ್ದು ಸುತ್ತಿ ಈ ಕಡೆ ಬಂದು ಎಳೆದ. ಒಂದು ಎಳೆ ಆಯಿತು. ಮೊದಲ ದಿನ ಜನ ಮಗ್ಗ ಬಿಟ್ಟು ಬಂದು ನೋಡಿ ನಕ್ಕರು. ಎರಡನೆಯ ದಿನ ನಗು ಸಾಕಾಯಿತು. ಮೂರನೆಯ ದಿನ ಯಾರೂ ಆ ಮೂಲೆಯ ಕಡೆ ನೋಡಲಿಲ್ಲ. ಕಾಂಡಿ ಸುತ್ತುವ ಧೊಂಡುಬಾಯಿ ಮಾತ್ರ, ಅವನು ಸುತ್ತು ಹಾಕುವ ದಾರಿಯಲ್ಲಿದ್ದ ತನ್ನ ಬುಟ್ಟಿಯನ್ನು ಕಾಲಿನಿಂದ ಅತ್ತ ಸರಿಸಿ ತನ್ನ ಕೆಲಸಕ್ಕೆ ಕೂತಳು.

ಸುತ್ತುವಾಗ ಕೃಷ್ಣಾತನಿಗೆ ಕೋರ್ಟಿನ ಮಾತು ನೆನಪಾಗುತ್ತಿತ್ತು. ಒಬ್ಬನಿಂದ ಆಗುವುದಿಲ್ಲ ಎಂದು ತೋರಿಸಿ ಗೆದ್ದದ್ದು ತಾನು. ನಾನೊಬ್ಬನೇ ಮಾಡಿದೆ ಎಂದು ಸುಳ್ಳು ಹೇಳಿದ್ದು ಗಣಪತ. ಆ ಸುಳ್ಳನ್ನು ಈಗ ತಾನೇ ಎಳೆ ಎಳೆಯಾಗಿ ಖರೆ ಮಾಡುತ್ತಿದ್ದೇನೆ ಎನಿಸಿ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನೋಡಲು ಎದುರಿಗೆ ಯಾರೂ ಇರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಬೀಮು ಮುಗಿಯಿತು. ದಿವಾಣಜಿ ಒಂದೊಂದೇ ಎಳೆ ಬೆರಳಾಡಿಸಿ ನೋಡಿದ. ಒಂದು ತಪ್ಪೂ ಸಿಗಲಿಲ್ಲ. ಚೀಟಿ, ಪೆನ್ಸಿಲು ಕೊಟ್ಟು, "ಹೆಸರ ಬರಿ" ಎಂದು ಹೇಳಿ ಹೋದ.

ಕೃಷ್ಣಾತ ಮೇಲಿನ ಗೆರೆಯಲ್ಲಿ ತನ್ನ ಹೆಸರು ಬರೆದ. ಕೆಳಗಿನ ಗೆರೆಯ ಮೇಲೆ ಪೆನ್ಸಿಲು ಊರಿ ಬಹಳ ಹೊತ್ತು ಕೂತ. ಆಮೇಲೆ ಅಲ್ಲಿಯೂ ತನ್ನ ಹೆಸರನ್ನೇ ಬರೆದ. ಚೀಟಿಯನ್ನು ಬೀಮಿಗೆ ಕಟ್ಟಿ, ಇನ್ನೊಂದು ಬೀಮು ತರಲು ಎದ್ದ.