ಒಮ್ಮೆ ಕರೆದರೆ ಸಾಕಿತ್ತು

ಅಕ್ಕನ ಗಂಡನಿಗೆ ಅವಳು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಪಂಡಿತರು. ಮಾತು ಬೆಟ್ಟದಷ್ಟು, ಕೆಲಸ ಸಾಸಿವೆಯಷ್ಟು. ಅವರು ಬರೆದ ಜಾವಾಸ್ಕ್ರಿಪ್ಟ್ ಕೋಡ್ ನೋಡಿದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಆಫೀಸು, ಮೇಲಿನ ಕುರ್ಚಿ ಅವರದ್ದು, ಏನು ಮಾಡುವುದು?

ಆಸ್ಪತ್ರೆಯ ಹಾಲ್‌ನಲ್ಲಿ ಕಾಯುವವರಲ್ಲಿ ಯಾರು ಯಾವ ಕೋಣೆಗೆ ಹೋಗಬೇಕೆಂದು ಟಿವಿಯಲ್ಲಿ ತೋರಿಸುವ ಕೆಲಸ ಬಂದಿತ್ತು. ಅವಳು ಬರೆದ ಫಂಕ್ಷನ್ ಎಂಬ ಕೋಡಿನ ತುಂಡು, ಕರೆದಾಗಲೆಲ್ಲ ಸಾಲಿನಲ್ಲಿ ಮುಂದಿದ್ದವರನ್ನು ಹೊರತೆಗೆದು ಹೆಸರು, ಕೋಣೆ ಎರಡನ್ನೂ ಒಂದೇ ಪೊಟ್ಟಣದಂಥ ಆಬ್ಜೆಕ್ಟಿನಲ್ಲಿ ಕೊಡುತ್ತಿತ್ತು. ಒಮ್ಮೆ ಕರೆದು, ಬಂದದ್ದನ್ನು ಇಟ್ಟುಕೊಂಡು, ಡಾಟ್ ಹಾಕಿ ಹೆಸರು, ಡಾಟ್ ಹಾಕಿ ಕೋಣೆ ತೆಗೆದುಕೊಂಡರೆ ಮುಗಿಯಿತು. ಪಂಡಿತರು ಹೆಸರಿಗೊಮ್ಮೆ ಕರೆದರು, ಕೋಣೆಗೆ ಮತ್ತೊಮ್ಮೆ ಕರೆದರು. ಹೆಸರು ಒಬ್ಬರದ್ದು, ಕೋಣೆ ಅವರ ಹಿಂದೆ ನಿಂತವರದ್ದು! ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಲಿಲ್ಲ, ಏಕೆಂದರೆ ಮಹಾಶಯರು ಸಾಲಿನ ತುಂಬ ತಮ್ಮ ಹೆಸರನ್ನೇ, ಅದೂ ಒಂದೇ ಕೋಣೆಗೆ, ತುಂಬಿಸಿದ್ದರು.

"ಭಾವ, ಆ ಎರಡನೇ ಸಲ ಕರೆದಿರೋದನ್ನ ಸ್ವಲ್ಪ ನೋಡಿ," ಅಂದಿದ್ದಳು.

"ನನಗೇ ಹೇಳಿಕೊಡ್ತೀಯಾ?"

ಸರಿ, ಬೀಳಲಿ ಅಂದುಕೊಂಡಳು. ಎಲ್ಲರೆದುರು ಬೀಳಲಿ, ಮೀಸೆಗೆ ಮಣ್ಣು ಹತ್ತಲಿ.

ಟಿವಿ ಶುರುವಾದ ಬೆಳಗ್ಗೆ ದೊಡ್ಡ ಡಾಕ್ಟರೂ ಹಾಲ್‌ಗೆ ಬಂದು ನಿಂತರು. ಅವಳು ಚೆನ್ನಾಗಿ ಕಾಣುವ ಜಾಗ ನೋಡಿ ಕುಳಿತಳು. ಪರದೆಯ ಮೇಲೆ ಒಬ್ಬ ಅಜ್ಜಿಯ ಹೆಸರು ಬಂತು, ಜೊತೆಗೆ ಕಣ್ಣಿನ ಕೋಣೆ. ಅಜ್ಜಿ ದವಡೆ ಹಿಡಿದುಕೊಂಡೇ ಒಳಗೆ ಹೋದರು. ತಡೆಯಬಹುದಿತ್ತು. ಇನ್ನೊಬ್ಬರ ಕೋಣೆಯೂ ತಪ್ಪಾಗಲಿ, ಆಗ ಪೂರ್ತಿ ಮಾನ ಹೋಗುತ್ತದೆ ಎಂದು ಅವಳು ಕಾದಳು.

ಪರದೆಯನ್ನೇ ನಂಬಿದ ನರ್ಸ್ ಅಜ್ಜಿಯ ಕಣ್ಣಿಗೆ ಔಷಧ ಬಿಟ್ಟಾಗಿತ್ತು. ಅಜ್ಜಿ ಗೋಡೆ ತಡವುತ್ತ ಹೊರಬಂದರು.

"ಕಣ್ಣೆಲ್ಲ ಮಂಜು ಮಂಜು. ನನಗೆ ಹಲ್ಲುನೋವು ಅಲ್ವೇನಪ್ಪಾ?"

ಟಿವಿಯ ಪಕ್ಕ ನಿಂತಿದ್ದ ಪಂಡಿತರು ಓಡಿಹೋಗಿ ಅಜ್ಜಿಯ ಕೈ ಹಿಡಿದು ಕೂರಿಸಿದರು. "ತಪ್ಪು ನಂದೇ ಅಮ್ಮ. ನನಗೆ ಗೊತ್ತಾಗ್ಲಿಲ್ಲ."

ಡಾಕ್ಟರು ಅವಳ ಕಡೆ ತಿರುಗಿದರು. "ನಿಮಗೂ ಗೊತ್ತಿರಲಿಲ್ವಾ?"

"ಇಲ್ಲ ಸರ್," ಅಂದಳು.

ಅಜ್ಜಿಯ ಕೈ ಬಿಡದೆ ಭಾವ ತಲೆಯೆತ್ತಿ ಅವಳನ್ನು ನೋಡಿದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅವಳು ಅವರನ್ನು ನೋಡುತ್ತಿದ್ದದ್ದು ಹಾಗೆಯೇ.