ಬೆಡ್‌ಶೀಟಿನ ಇನ್ನೊಂದು ತುದಿ

ನಿಂತಲ್ಲಿ ನಿಲ್ಲದ ಮಗಳಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು. ಅವಳ ರಂಪ ತಾಳದೆ, ಒಂದು ವಾರ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಶಾಲೆಯವರು ಕಳಿಸಿಬಿಟ್ಟಿದ್ದರು. ಇಟ್ಟುಕೊಳ್ಳುವುದಕ್ಕೆ ಮನೆಯಲ್ಲಿ ಯಾರಿದ್ದರು? ಅಪ್ಪ ಎನ್ನುವವನು ಎಂದೋ ಕೈ ತೊಳೆದುಕೊಂಡು ಹೋಗಿದ್ದ. ಅಜ್ಜಿ ಒಂದೇ ದಿನಕ್ಕೆ ಕೈ ಮುಗಿದಿದ್ದಳು. ಬೇರೆ ದಾರಿ ಕಾಣದೆ ಅಮ್ಮ, ಆಸ್ಪತ್ರೆಯ ಬಟ್ಟೆ ಒಗೆಯುವ ತನ್ನ ಲಾಂಡ್ರಿಗೇ ಮಗಳನ್ನು ಎಳೆದುಕೊಂಡು ಬಂದಳು.

"ಇವತ್ತೊಂದಿನ ಇರ್ಲಿ," ಎಂದ ಮೇಲ್ವಿಚಾರಕ. "ಗಲಾಟೆ ಆದ್ರೆ ನಾಳೆಯಿಂದ ನೀನೂ ಬರೋದು ಬೇಡ."

ಸುಮ್ಮನೆ ಹೆದರಿಸುವ ಆಸಾಮಿಯಲ್ಲ ಅವನು.

ಹುಡುಗಿಗೆ ಎಂಟು ವರ್ಷ. ಎಡಿಎಚ್‌ಡಿ, ಮನಸ್ಸೂ ಮೈಯೂ ಒಂದೆಡೆ ನಿಲ್ಲದ ತೊಂದರೆ ಎಂದು ಡಾಕ್ಟರು ಹೇಳಿದ ಮೇಲೂ ನೆಂಟರ ಬಾಯಲ್ಲಿ ಅದು ಬರೀ ಕೊಬ್ಬು. ಆಪ್ತಸಮಾಲೋಚಕಿ ಒಬ್ಬಳೇ ಬಿಡಿಸಿ ಹೇಳಿದ್ದಳು: "ಸಿಟ್ಟು ಬಂದ್ಮೇಲೆ ಹಿಡಿಯೋಕಾಗಲ್ಲ. ಬರೋಕೆ ಮುಂಚೆ ಅವಳೇ ಬಾಯಿಬಿಟ್ಟು ಹೇಳೋದು ಕಲೀಬೇಕು. ಹೇಳಿದ ತಕ್ಷಣ ನೀವು ಕೈಲಿರೋದನ್ನ ಬಿಟ್ಟು ಅವಳನ್ನ ಆಚೆ ಕರ್ಕೊಂಡು ಹೋಗ್ಬೇಕು." ವರ್ಷವಿಡೀ ಅಮ್ಮ ಇದನ್ನೇ ಹೇಳಿಕೊಟ್ಟು ಗಂಟಲು ಹರಿದುಕೊಂಡಿದ್ದಳು. ಬುಗುರಿ ಒಮ್ಮೆಯೂ ಹೇಳಿರಲಿಲ್ಲ. ಮೊದಲು ತಟ್ಟೆ ಹಾರುತ್ತಿತ್ತು, ಆಮೇಲೆ ಅಳು.

ಅವತ್ತು ಅಮ್ಮನ ಜೊತೆಗಾತಿಗೆ ರಜೆ. ಬೆಡ್‌ಶೀಟು ಮಡಚಲು ಎರಡು ಜೊತೆ ಕೈ ಬೇಕೇ ಬೇಕು. ಯಂತ್ರಗಳ ನಡುವೆ ಸುತ್ತುತ್ತಿದ್ದ ಮಗಳನ್ನು ಹಿಡಿದು ನಿಲ್ಲಿಸಿ, ಅಮ್ಮ ಇನ್ನೊಂದು ತುದಿ ಕೊಟ್ಟಳು. ಎಳೆ, ಕೊಡವು, ಮಡಚು, ಹತ್ತಿರ ಬಾ. ಮೊದಲೆರಡು ನೆಲ ಗುಡಿಸಿದವು. ಆಮೇಲೆ ಏನಾಯಿತೋ, ತೋಳಿಗೆ ಆ ಎಳೆತ ಹಿತವಾಗಿ ಹುಡುಗಿಯ ಕಾಲು ನಿಂತಲ್ಲಿ ನಿಂತಿತು. ಕಣ್ಣೂ ನಿಂತಿತು. ತಳ್ಳುಗಾಡಿಯಲ್ಲಿ ರಾಶಿ ಬೆಳೆಯುತ್ತಾ ಹೋಯಿತು. ಮೇಲ್ವಿಚಾರಕ ಬಂದು ನೋಡಿ ಹುಬ್ಬೇರಿಸಿ ಹೋದ. ಇವಳಿದ್ದರೂ ಕೆಲಸ ಉಳಿಯುತ್ತದೆ ಎಂಬ ಆಸೆ ಅಮ್ಮನ ತಲೆಗೇರಿತು.

"ಅಮ್ಮಾ, ಸಾಕು," ಎಂದಳು ಬುಗುರಿ. "ಒಳಗೆ ಕುದೀತಾ ಇದೆ."

"ಇನ್ನೊಂದೇ ಒಂದು, ಚಿನ್ನಾ. ಎಷ್ಟು ಜಾಣೆ ನೋಡು ನೀನು!"

ಆ ಒಂದೂ ಆಯಿತು, ಅದರ ಮೇಲೆ ಮತ್ತೊಂದೂ ಆಯಿತು. ಮೂರನೆಯದಕ್ಕೆ ಹುಡುಗಿ ಕಿಟಾರನೆ ಕಿರುಚಿ ತಳ್ಳುಗಾಡಿಯನ್ನೇ ಉರುಳಿಸಿದಳು. ಮಡಚಿದ್ದೆಲ್ಲ ಕೊಳೆನೀರಿಗೆ ಬಿತ್ತು. ಹೊರಗೆ ಬಟ್ಟೆ ಒಯ್ಯಲು ಬಂದ ಆಸ್ಪತ್ರೆಯ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಅಮ್ಮ ಒದ್ದೆ ನೆಲದಲ್ಲೇ ಕುಕ್ಕರಿಸಿ ಮಗಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಒದೆತ ನಿಲ್ಲುವವರೆಗೂ ಬಿಡಲಿಲ್ಲ.

ಕೆಲಸದವರೆಲ್ಲ ಸುತ್ತ ನೆರೆದಿದ್ದರು. ಮೇಲ್ವಿಚಾರಕ ಕೂಗಾಡಲಿಲ್ಲ. "ಮಗು ಅಂತ ಬಿಡ್ತೀನಿ. ಎಲ್ಲರ ಮುಂದೆ ತಪ್ಪಾಯ್ತು ಅಂತ ಹೇಳ್ಲಿ. ನೀನು ಇದನ್ನೆಲ್ಲ ಮತ್ತೆ ಒಗೆದುಕೊಡು. ಇಲ್ಲಿಗೇ ಮರೆತುಬಿಡೋಣ."

ಅಮ್ಮನಿಗೆ ಹೋದ ಜೀವ ಬಂದಂತಾಯಿತು. "ಹೇಳೇ, ಬೇಗ ಹೇಳು."

ಬುಗುರಿ ಬಿಕ್ಕುತ್ತಲೇ ತಲೆಯೆತ್ತಿದಳು. "ನಾನು ಹೇಳಿದ್ನಲ್ಲಾ ಅಮ್ಮಾ? ಮೊದ್ಲೇ ಹೇಳಿದ್ನಲ್ಲಾ?"

ಹೌದು, ಹೇಳಿದ್ದಳು. ವರ್ಷವಿಡೀ ಬಾಯಿ ಬಡಿದುಕೊಂಡರೂ ಬಾರದ ಮಾತು ಕೊನೆಗೂ ಬಂದಿತ್ತು, ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ ಮಹಾತಾಯಿ! ಈಗ ಮಗಳಿಂದ ಕ್ಷಮೆ ಕೇಳಿಸಿದರೆ ಕೆಲಸ ಉಳಿಯುತ್ತದೆ, ನಿಜ. ಹೇಳಿದರೂ ಬೈಗುಳವೇ ಎಂದಾದರೆ ಈ ಹುಡುಗಿ ಇನ್ನು ಜನ್ಮದಲ್ಲಿ ಬಾಯಿ ಬಿಡುತ್ತಾಳೆಯೇ?

"ತಪ್ಪು ಅವಳದ್ದಲ್ಲ ಸಾರ್," ಎಂದಳು ಅಮ್ಮ. ಮಗಳ ಕಡೆ ತಿರುಗಿ, ಅಷ್ಟು ಜನರ ಮುಂದೆ, "ತಪ್ಪಾಯ್ತು ಕಣೇ. ನೀನು ಸರಿಯಾಗೇ ಹೇಳಿದ್ದೆ. ನಾನೇ ಕೇಳ್ಲಿಲ್ಲ," ಎಂದಳು.

ಯಾರೋ ಕಿಸಕ್ಕೆಂದರು. ಮೇಲ್ವಿಚಾರಕನ ಮುಖ ಕೆಂಪಾಯಿತು. "ನಾಟಕ ಆಡ್ತೀಯಾ? ನಡಿ, ನಾಳೆಯಿಂದ ಬರ್ಬೇಡ."

ಅಮ್ಮ ಮಗಳ ಕೈ ಹಿಡಿದು ಬೀದಿಗೆ ಬಂದಳು. ಅಳು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಳೆ ಮಗಳನ್ನು ಎಲ್ಲಿ ಬಿಟ್ಟುಬರಲಿ ಎಂಬ ಚಿಂತೆಯೊಂದು ತೀರಿತ್ತು. ಅವಳನ್ನು ಬಿಟ್ಟು ಹೋಗಲು ಕೆಲಸವೇ ಇರಲಿಲ್ಲ.