ಪಂಢರಿನಾಥ ಮಾಸ್ತರ ಶರಾ

ಹೂವಿನ ಹಿಪ್ಪರಗಿಯ ವಾಟ್ಸಾಪ್ ಗುಂಪಿನಲ್ಲಿ ಯಾವ ಸುದ್ದಿ ಬಂದರೂ ಜನ ಪಂಢರಿನಾಥ ಮಾಸ್ತರ ಶರಾಕ್ಕೆ ಕಾಯುತ್ತಿದ್ದರು. ಮೂವತ್ತೆರಡು ವರ್ಷ ಹುಡುಗರ ನೋಟುಬುಕ್ಕಿನ ಅಡಿಯಲ್ಲಿ ಬರೆದ ಚಟ, ನಿವೃತ್ತಿಯಾದರೂ ಬಿಟ್ಟಿರಲಿಲ್ಲ. ‘ಪರಿಶೀಲಿಸಿದೆ, ಸರಿಯಿದೆ’ ಎಂದು ಅವರು ಹಾಕಿದರೆ ಮುಗಿಯಿತು, ಊರಿಗೆ ಅದೇ ಕಾಯಂ. ಮಾಸ್ತರಿಗೂ ಅದರ ರುಚಿ ಹತ್ತಿತ್ತು, ಸುಳ್ಳೇಕೆ.

ಒಂದು ದಿನ ವಿದ್ಯಾವತಿಯ ದಾವೆಯ ಬಗ್ಗೆ ಫೇಸ್‌ಬುಕ್ಕಿನಲ್ಲಿ ಯಾರೋ ಬರೆದದ್ದು ಗುಂಪಿಗೆ ಬಂತು. ವಿದ್ಯಾವತಿ ಮಾಸ್ತರ ಕೈಯಲ್ಲೇ ಕಲಿತವಳು. ಅವಳಪ್ಪ ಸಾಯುವ ಮೊದಲು ಮೃತ್ಯುಪತ್ರ ಮಾಡಿ ಮೂರು ಎಕರೆ ಮಗಳಿಗೆ ಬರೆದಿದ್ದ. ಅಣ್ಣ ಗುರುಲಿಂಗಪ್ಪ ಬಿಡಲೊಲ್ಲ. ಬಸವನ ಬಾಗೇವಾಡಿಯ ಕೋರ್ಟಿನಲ್ಲಿ ವ್ಯಾಜ್ಯ ನಡೆದಿತ್ತು. ‘ಮೃತ್ಯುಪತ್ರ ಖೊಟ್ಟಿ, ಸುಳ್ಳು ಕಾಗದ ಎಂದು ಕೋರ್ಟೇ ಹೇಳಿದೆ’ ಎಂದಿತ್ತು ಆ ಬರಹ. ಕೆಳಗೆ ಕೇಸಿನ ನಂಬರು, ಮುಂದಿನ ತಾರೀಕು.

ಮಾಸ್ತರು ಚಷ್ಮಾ ಏರಿಸಿಕೊಂಡು ಕೋರ್ಟಿನ ವೆಬ್‌ಸೈಟಿನಲ್ಲಿ ನಂಬರು ತಾಳೆ ನೋಡಿದರು. ಕೂಡಿತು. ತಾರೀಕೂ ಕೂಡಿತು. ಇಷ್ಟು ಕರಾರುವಾಕ್ಕಾಗಿ ಬರೆದವನು ಉಳಿದದ್ದನ್ನು ಸುಳ್ಳು ಬರೆದಾನೆಯೇ ಎಂದುಕೊಂಡು ಶರಾ ಹಾಕಿಯೇ ಬಿಟ್ಟರು. ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದರು. ಅವತ್ತು ಮಾಸ್ತರು ಎರಡು ಚಪಾತಿ ಹೆಚ್ಚಿಗೆ ಉಂಡರು.

ಹದಿನೈದು ದಿನ ಬಿಟ್ಟು ವಿದ್ಯಾವತಿ ಬಾಗಿಲಿಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ. ಒಂದು ಕಾಗದ ಮುಂದೆ ಹಿಡಿದಳು.

“ಇದನ್ನೂ ಪರಿಶೀಲನಾ ಮಾಡ್ರಿ, ಸರ್.”

ದಾವೆಗೆ ಉತ್ತರವಾಗಿ ಗುರುಲಿಂಗಪ್ಪ ಕೋರ್ಟಿಗೆ ಕೊಟ್ಟ ಕೈಫಿಯತ್ತಿನ ನಕಲು ಅದು. ಖೊಟ್ಟಿ ಎಂಬ ಮಾತು ಅದರಲ್ಲಿತ್ತು, ಅವನ ವಕೀಲನ ಮಾತಾಗಿ.

“ಹಂಗಾರ ಕೋರ್ಟ್ ಏನೂ ಹೇಳಿಲ್ಲೇನವಾ?”

“ಇಲ್ರಿ. ಇನ್ನೂ ಸಾಕ್ಷಿ ನಡದಾವ. ಅಪ್ಪನ ಮೃತ್ಯುಪತ್ರಕ್ಕ ಉಳದಿದ್ದ ಸಾಕ್ಷಿ ರುಕ್ಮವ್ವಾಯಿ ಒಬ್ಬಾಕಿನ. ಮೊನ್ನೆ ಕಟಕಟಿಗೆ ಬಂದು ನನಗೇನೂ ಗೊತ್ತಿಲ್ಲ ಅಂದ್ಲರಿ.”

“ಯಾಕಂತ?”

“ಆಕಿನ್ನ ಕೇಳ್ರಿ,” ಎಂದು ವಿದ್ಯಾವತಿ ಹೊರಟುಹೋದಳು.

ಮಾಸ್ತರ ಮುಖ ಕಪ್ಪಿಟ್ಟಿತು. ಹುಡುಗ ಪ್ರಶ್ನೆಯನ್ನೇ ಉತ್ತರವೆಂದು ಬರೆದರೆ ಸೊನ್ನೆ ಸುತ್ತುತ್ತಿದ್ದವರು ತಾವು. ಈಗ ತಾವೇ ಪೂರ್ತಿ ಅಂಕ ಕೊಟ್ಟು ಕೂತಿದ್ದರು. ‘ನನ್ನ ಶರಾ ತಪ್ಪು’ ಎಂದು ಗುಂಪಿನಲ್ಲಿ ಬರೆದರು. ಯಾರೂ ಕೈಮುಗಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ರುಕ್ಮವ್ವನ ಮನೆಗೆ ನಡೆದರು. ದಾರಿಯಲ್ಲಿ ನಮಸ್ಕಾರ ಎಂದವರತ್ತ ತಲೆ ಎತ್ತಲು ನಾಚಿಕೆಯಾಯಿತು.

ರುಕ್ಮವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಸೆರಗು ಎಳೆದುಕೊಂಡು ಎದ್ದಳು.

“ಬರ್ರಿ ಮಾಸ್ತರ.”

“ಹೆಬ್ಬಟ್ಟ ಒತ್ತಿದಾಕಿ ನೀನ ಅಲ್ಲೇನವಾ ರುಕ್ಮವ್ವ? ಯಾಕ ಗೊತ್ತಿಲ್ಲ ಅಂದಿ?”

“ಒತ್ತೀನ್ರಿ. ಮಗಳಿಗೆ ಮೂರ ಎಕರೆ ಅಂತ ಆಕಿ ಅಪ್ಪ ನನ್ನ ಮುಂದನ ಓದಿಸಿದ್ದ. ಇನ್ನೂ ಕಿವ್ಯಾಗ ಐತಿ.” ಮುದುಕಿಯ ದನಿ ಇಳಿಯಿತು. “ಆದ್ರ ನೀವು ಬರದದ್ದು ಮೊಮ್ಮಗಳು ಓದಿ ಹೇಳಿದ್ಲರಿ. ನಾ ಓದಾಕ ಬರದಾಕಿ. ನನ್ನ ಮುಂದ ಒಂದ ಕಾಗದ ಓದಿ, ಇನ್ನೊಂದ ಖೊಟ್ಟಿ ಕಾಗದಕ್ಕ ಹೆಬ್ಬಟ್ಟ ತಗೊಂಡಿರಬೇಕಂತ ಅಂಜಿಕಿ ಆತ್ರಿ. ಮಾಸ್ತರು ಸುಳ್ಳ ಹೇಳಾಂಗಿಲ್ಲ, ನನ್ನ ಕಿವಿನ ಸುಳ್ಳ ಅನ್ಕೊಂಡೆ.”

ಮಾಸ್ತರು ಅಲ್ಲೇ ಜೋಳದ ರಾಶಿಯ ಪಕ್ಕ ಕುಕ್ಕರಿಸಿದರು.

“ನಂದ ತಪ್ಪ ಆತೇನ್ರಿ?” ಎಂದು ರುಕ್ಮವ್ವ ಈಗಲೂ ಅವರನ್ನೇ ಕೇಳಿದಳು.